ಮಧ್ಯಾಹ್ನದ ಮೂರು ತಾಸು: ದುಕ್ಮ್‌ನ ವಿದ್ಯುತ್ ಲೆಕ್ಕ ಮತ್ತು ಕಾರ್ಮಿಕನ ವಿಶ್ರಾಂತಿ

(ಉಪನ್ಯಾಸದ ಪಠ್ಯ)



ಒಮಾನಿನಲ್ಲಿ ಬೇಸಿಗೆಯ ಬಿಸಿಲಿಗೆ ಒಂದು ಕಾನೂನಿದೆ. 2008ರ ಸಚಿವಾಲಯದ ಆದೇಶದ ಪ್ರಕಾರ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಕಟ್ಟಡ ಕಟ್ಟುವವನು, ರಸ್ತೆಗೆ ಟಾರು ಹಾಕುವವನು, ಪೈಪು ಬೆಸೆಯುವವನು ಆ ಮೂರು ತಾಸು ನೆರಳಿಗೆ ಬರಬೇಕು. ಕೆಲವರು ಕೆಲಸದ ಜಾಗದ ವಿಶ್ರಾಂತಿ ಕೋಣೆಗೆ ಬರುತ್ತಾರೆ, ಕೆಲವರು ಕ್ಯಾಂಪಿನ ತಮ್ಮ ಹಾಸಿಗೆಗೆ ಮರಳುತ್ತಾರೆ.

ಅದೇ ದೇಶದಲ್ಲಿ 2017ರ ಜನವರಿಯಿಂದ ಒಂದು ದರಪಟ್ಟಿಯೂ ಜಾರಿಯಲ್ಲಿದೆ. ವರ್ಷಕ್ಕೆ 1,50,000 ಯೂನಿಟ್‌ಗಿಂತ ಹೆಚ್ಚು ವಿದ್ಯುತ್ ಬಳಸುವ ಸರಕಾರಿ, ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರಿಗಾಗಿ ಅದನ್ನು ತರಲಾಯಿತು. ಆವರೆಗೆ ಸರಕಾರ ಭರಿಸುತ್ತಿದ್ದ ಸಬ್ಸಿಡಿಯನ್ನು ತೆಗೆದು, ವಿದ್ಯುತ್ ಪೂರೈಸಲು ನಿಜವಾಗಿ ತಗಲುವ ವೆಚ್ಚವನ್ನೇ ಗ್ರಾಹಕನಿಂದ ಪಡೆಯುವುದು ಅದರ ಉದ್ದೇಶ. ಆ ಪಟ್ಟಿಯಲ್ಲಿ ಚಳಿಗಾಲದ ಒಂದು ಯೂನಿಟ್‌ಗೆ 12 ಬೈಸಾ ಇತ್ತು. ಮೇಯಿಂದ ಜುಲೈವರೆಗೆ, ವಾರದ ದಿನಗಳ ಮಧ್ಯಾಹ್ನದ ಕೆಲವು ಗಂಟೆಗಳಲ್ಲಿ ಅದೇ ಯೂನಿಟ್‌ಗೆ 67 ಬೈಸಾ. ರಾತ್ರಿ ಹತ್ತರ ನಂತರದ ಕೆಲವು ಗಂಟೆಗಳಿಗೂ ಪ್ರತ್ಯೇಕವಾದ ಹೆಚ್ಚಿನ ದರವಿತ್ತು.

ಈ ಎರಡು ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದವರು ಕಡಿಮೆ. ಒಂದನ್ನು ಕಾರ್ಮಿಕ ಇಲಾಖೆಯವರು ಓದುತ್ತಾರೆ, ಇನ್ನೊಂದನ್ನು ಲೆಕ್ಕಪತ್ರ ವಿಭಾಗದವರು. ಪಕ್ಕಪಕ್ಕದಲ್ಲಿಟ್ಟರೆ ಕಾಣುವುದು ಇದು: ಕಾರ್ಮಿಕ ದಣಿವಾರಿಸಿಕೊಳ್ಳಬೇಕೆಂದು ಕಾನೂನು ಹೇಳುವ ಹೊತ್ತು, ಅವನ ಕೋಣೆಯನ್ನು ತಂಪಾಗಿಡಲು ಅತಿ ಹೆಚ್ಚು ದುಡ್ಡು ತಗಲುವ ಹೊತ್ತು. ಅವನು ನಿದ್ರಿಸುವ ರಾತ್ರಿಯೂ ದುಬಾರಿಯ ಸಾಲಿಗೇ ಸೇರುತ್ತದೆ. ವಿದ್ಯುತ್ ಕಂಪನಿಗಳು ಮನೆಗಳ ಬಳಕೆಯನ್ನು ನಿಯಂತ್ರಿಸುವ ಅರ್ಥಶಾಸ್ತ್ರ ದುಕ್ಮ್‌ನಂಥ ಊರಿಗೆ ಬಂದಾಗ ಏನಾಗುತ್ತದೆ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಂದ.

ದುಕ್ಮ್ ಇರುವುದು ಅಲ್ ವುಸ್ತಾ ಪ್ರಾಂತ್ಯದ ಕಡಲ ತೀರದಲ್ಲಿ, ಮಸ್ಕತ್‌ನಿಂದ ದಕ್ಷಿಣಕ್ಕೆ ಐನೂರು ಕಿಲೋಮೀಟರಿಗೂ ಆಚೆ. ಮೀನುಗಾರರ ಸಣ್ಣ ಊರಾಗಿದ್ದ ಇದು 2011ರಲ್ಲಿ ವಿಶೇಷ ಆರ್ಥಿಕ ವಲಯವಾಯಿತು. ಹಡಗು ದುರಸ್ತಿ ಕೇಂದ್ರ ಬಂತು, ಬಂದರು ಬಂತು. ಒಮಾನ್ ಮತ್ತು ಕುವೈತ್ ಸೇರಿ ಕಟ್ಟಿದ, ದಿನಕ್ಕೆ 2,30,000 ಬ್ಯಾರೆಲ್ ಸಾಮರ್ಥ್ಯದ ತೈಲ ಸಂಸ್ಕರಣಾಗಾರ 2024ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಇವನ್ನೆಲ್ಲ ಕಟ್ಟಿದವರಲ್ಲಿ ಬಹುಪಾಲು ಜನ ಹೊರದೇಶದವರು. ಅವರಿಗಾಗಿ ಸಾವಿರಾರು ಜನ ಮಲಗುವ ಕಾರ್ಮಿಕ ವಸತಿಗಳು ಎದ್ದವು. ಅಂಥ ವಸತಿಯಲ್ಲಿ ಮನೆ ಎಂಬುದು ಒಂದು ಕೋಣೆ, ನಾಲ್ಕಾರು ಮಂಚ, ಒಂದು ಏಸಿ. ಮೀಟರ್ ಮಾತ್ರ ಕಂಪನಿಯ ಹೆಸರಿನಲ್ಲಿರುತ್ತದೆ.

ಮೊದಲು ವಿಷಯದ ಮೂಲ ತರ್ಕವನ್ನು ಸರಳವಾಗಿ ನೋಡಬೇಕು. ವಿದ್ಯುತ್ತನ್ನು ಅಕ್ಕಿಯ ಹಾಗೆ ಮೂಟೆ ಕಟ್ಟಿಡಲಾಗುವುದಿಲ್ಲ. ಬ್ಯಾಟರಿ ಬಂದ ಮೇಲೂ ಅದು ದುಬಾರಿಯೇ. ಆದ್ದರಿಂದ ವರ್ಷದ ಅತ್ಯಂತ ಸೆಕೆಯ ಮಧ್ಯಾಹ್ನ ಎಷ್ಟು ಬೇಡಿಕೆ ಬರುತ್ತದೆಯೋ ಅಷ್ಟಕ್ಕೂ ಸಾಲುವ ಸ್ಥಾವರ, ತಂತಿ, ಟ್ರಾನ್ಸ್‌ಫಾರ್ಮರ್‌ಗಳನ್ನು ವರ್ಷವಿಡೀ ಸಿದ್ಧವಾಗಿಡಬೇಕು. ವರ್ಷದಲ್ಲಿ 8,760 ಗಂಟೆಗಳಿವೆ. ಆ ತುತ್ತತುದಿಯ ಬೇಡಿಕೆ ಬರುವುದು ಕೆಲವೇ ನೂರು ಗಂಟೆ. ಉಳಿದ ಕಾಲ ಆ ಯಂತ್ರಗಳು ಸುಮ್ಮನೆ ನಿಂತಿರುತ್ತವೆ, ಆದರೆ ಅವುಗಳ ಬಾಡಿಗೆ ನಿಲ್ಲುವುದಿಲ್ಲ. ಒಮಾನಿನಲ್ಲಿ ಖಾಸಗಿ ಸ್ಥಾವರಗಳಿಂದ ವಿದ್ಯುತ್ ಕೊಳ್ಳುವ ಸರಕಾರಿ ಖರೀದಿ ಕಂಪನಿ, ವಿದ್ಯುತ್ ಪಡೆಯಲಿ ಬಿಡಲಿ, ಸಾಮರ್ಥ್ಯಕ್ಕೆ ಹಣ ಕೊಡಬೇಕು. ಕರ್ನಾಟಕದ ಎಸ್ಕಾಂಗಳು ಉತ್ಪಾದಕರಿಗೆ ತೆರುವ ಸ್ಥಿರ ಶುಲ್ಕದ ಕಥೆಯೂ ಇದೇ.

ಹಾಗಾದರೆ ಆ ಕೆಲವು ನೂರು ಗಂಟೆಗಳಲ್ಲಿ ಬೇಡಿಕೆಯನ್ನೇ ತುಸು ತಗ್ಗಿಸಿದರೆ? ಹೊರೆ ನಿಯಂತ್ರಣದ ತಿರುಳು ಇಷ್ಟೇ. ಇದು ಲೋಡ್ ಶೆಡ್ಡಿಂಗ್ ಅಲ್ಲ. ಲೋಡ್ ಶೆಡ್ಡಿಂಗ್‌ನಲ್ಲಿ ಇಡೀ ಬೀದಿ ಕತ್ತಲಾಗುತ್ತದೆ. ಹೊರೆ ನಿಯಂತ್ರಣದಲ್ಲಿ ದೀಪ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ, ಗೀಸರ್ ಅಥವಾ ಏಸಿಯ ಕಂಪ್ರೆಸರ್ ಮಾತ್ರ ದೂರದಿಂದ ಬಂದ ಸಂಕೇತಕ್ಕೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಅಮೆರಿಕದ ಡೆಟ್ರಾಯಿಟ್‌ನಲ್ಲಿ 1968ರಲ್ಲೇ ರೇಡಿಯೊ ಸಂಕೇತದಿಂದ ಮನೆಗಳ ಗೀಸರ್‌ಗಳನ್ನು ನಿಲ್ಲಿಸುವ ಪದ್ಧತಿ ಶುರುವಾಯಿತು. ನ್ಯೂಜಿಲೆಂಡ್‌ನಲ್ಲಿ ಅದಕ್ಕೂ ಮೊದಲಿನಿಂದ ವಿದ್ಯುತ್ ತಂತಿಯ ಮೂಲಕವೇ ಸಂಕೇತ ಕಳಿಸಿ ನೀರಿನ ಹಂಡೆಗಳನ್ನು ನಿಯಂತ್ರಿಸುತ್ತಾರೆ. ಒಪ್ಪಿದ ಮನೆಗೆ ಅಗ್ಗದ ದರ ಸಿಗುತ್ತದೆ. ಫ್ಲೋರಿಡಾದಲ್ಲಿ ಸ್ವಇಚ್ಛೆಯಿಂದ ಹೆಸರು ಕೊಟ್ಟ ಲಕ್ಷಾಂತರ ಮನೆಗಳ ಬಿಲ್ಲಿನಲ್ಲಿ ಅದಕ್ಕಾಗಿ ಕಡಿತ ಕೊಡಲಾಗುತ್ತದೆ.

ಇದರ ಲೆಕ್ಕವನ್ನು ಒಂದು ಊಹೆಯ ಉದಾಹರಣೆಯಿಂದ ತಿಳಿಯಬಹುದು. ಒಂದು ಮನೆಯ ಏಸಿಯ ಕಂಪ್ರೆಸರ್ 1.5 ಕಿಲೋವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಬಿರುಬಿಸಿಲಿನಲ್ಲಿ ಅದು ಗಂಟೆಯ ನೂರರಲ್ಲಿ ಎಂಬತ್ತು ಪಾಲು ಓಡುತ್ತಿರುತ್ತದೆ. ಅದನ್ನು ಅರ್ಧ ಹೊತ್ತಿಗೆ ಮಿತಿಗೊಳಿಸಿದರೆ ಉಳಿಯುವುದು 1.5ರ ನೂರರಲ್ಲಿ ಮೂವತ್ತು ಪಾಲು, ಅಂದರೆ 0.45 ಕಿಲೋವ್ಯಾಟ್. ತಂತಿಯಲ್ಲಿ ಸೋರುವುದನ್ನೂ ಮುನ್ನೆಚ್ಚರಿಕೆಗಾಗಿ ಇಡುವ ಹೆಚ್ಚುವರಿ ಸಾಮರ್ಥ್ಯವನ್ನೂ ಸೇರಿಸಿದರೆ ಸ್ಥಾವರದ ಬಾಗಿಲಲ್ಲಿ ಅದು ಸುಮಾರು 0.54 ಕಿಲೋವ್ಯಾಟ್. ಒಂದು ಕಿಲೋವ್ಯಾಟ್ ಸಾಮರ್ಥ್ಯವನ್ನು ಸಿದ್ಧವಾಗಿಡಲು ವರ್ಷಕ್ಕೆ 40 ರಿಯಾಲ್ ಖರ್ಚು ಎಂದುಕೊಂಡರೆ ಆ ಒಂದು ಮನೆಯಿಂದ ಉಳಿತಾಯ 21 ರಿಯಾಲ್ ಚಿಲ್ಲರೆ. ಸ್ವಿಚ್ಚು, ಸಂಕೇತ, ನಿರ್ವಹಣೆಗೆ ವರ್ಷಕ್ಕೆ 8 ರಿಯಾಲ್ ಕಳೆದರೆ ಸುಮಾರು 13 ರಿಯಾಲ್ ಉಳಿಯುತ್ತದೆ. ಇಂಥ ಹತ್ತು ಸಾವಿರ ಮನೆಗಳಿದ್ದರೆ ವರ್ಷಕ್ಕೆ 1,30,000 ರಿಯಾಲ್.

ಅಂಕಿಗಳು ಊಹೆಯವು, ಲೆಕ್ಕದ ಚೌಕಟ್ಟು ಎಲ್ಲೆಡೆಯೂ ಇದೇ. ಆ 13 ರಿಯಾಲ್ ಯಾರದು? ಸೆಕೆ ಸಹಿಸಿದವನದೋ, ಕಂಪನಿಯದೋ, ಸಬ್ಸಿಡಿ ಭರಿಸುವ ಖಜಾನೆಯದೋ? ತಂತ್ರಜ್ಞರ ವರದಿಗಳು ಸಾಮಾನ್ಯವಾಗಿ ಒಟ್ಟು ಲಾಭವನ್ನು ತೋರಿಸಿ ಮುಗಿಯುತ್ತವೆ. ಹಂಚಿಕೆಯ ಪ್ರಶ್ನೆ ಅಲ್ಲಿಂದಲೇ ಆರಂಭವಾಗಬೇಕು.

ಒಮಾನಿನ ವಿಷಯದಲ್ಲಿ ಖಜಾನೆಯ ಪಾಲು ದೊಡ್ಡದು. 2020ರ ಕೊನೆಯವರೆಗೆ ಗೃಹ ಬಳಕೆಯ ಮೊದಲ 3,000 ಯೂನಿಟ್‌ಗಳಿಗೆ ದರ 10 ಬೈಸಾ ಮಾತ್ರ. ಅದೇ ಯೂನಿಟ್ ಬೇಸಿಗೆಯ ಮಧ್ಯಾಹ್ನ ಉತ್ಪಾದನೆಯಾಗುವಾಗ ತಗಲುವ ವೆಚ್ಚ ಅದರ ಹಲವು ಪಟ್ಟು. ಹಾಗಾಗಿ ಆ ಹೊತ್ತಿನಲ್ಲಿ ಮಾರಾಟವಾಗದೆ ಉಳಿದ ಪ್ರತಿ ಯೂನಿಟ್ ಸರಕಾರಕ್ಕೆ ಲಾಭವೇ. ಮೇಲಾಗಿ ವಿದ್ಯುತ್ತಿನ ಬಹುಪಾಲು ನೈಸರ್ಗಿಕ ಅನಿಲದಿಂದ ಬರುತ್ತದೆ. ಇಲ್ಲಿ ಉರಿಯದ ಅನಿಲವನ್ನು ದ್ರವರೂಪಕ್ಕೆ ತಂದು ಹೊರದೇಶಕ್ಕೆ ಮಾರಬಹುದು. 2021ರ ಜನವರಿಯಿಂದ ಸಬ್ಸಿಡಿಯನ್ನು ಹಂತಹಂತವಾಗಿ ಇಳಿಸುವ ನೀತಿ ಬಂದಾಗ ಅಗ್ಗದ ದರ ಒಮಾನಿ ಪ್ರಜೆಗಳ ಮುಖ್ಯ ಮನೆಗಳಿಗೆ ಉಳಿಯಿತು. ವಲಸಿಗರ ಮನೆಗಳು ಹೆಚ್ಚಿನ ದರಕ್ಕೆ ಸರಿದವು. ಒಂದು ದೇಶ ತನ್ನ ಪ್ರಜೆಗಳಿಗೆ ಮೊದಲ ಆದ್ಯತೆ ಕೊಡುವುದರಲ್ಲಿ ಅಚ್ಚರಿಯಿಲ್ಲ. ಆದರೆ ಸಬ್ಸಿಡಿಯಿಲ್ಲದವನಿಂದ ಮಿತವ್ಯಯವನ್ನು ನಿರೀಕ್ಷಿಸುವ ವ್ಯವಸ್ಥೆ ಅವನ ಒಪ್ಪಿಗೆಯನ್ನೂ ಕೇಳಬೇಕಾಗುತ್ತದೆ.

ವಿದ್ಯುತ್ ಕಂಪನಿಗಳು ಈ ಕೆಲಸದಲ್ಲಿ ಏಕೆ ಅರೆಮನಸ್ಸು ತೋರುತ್ತವೆ ಎಂಬುದಕ್ಕೂ ಹಳೆಯ ವಿವರಣೆಯಿದೆ. ಹಾರ್ವೆ ಎವರ್ಚ್ ಮತ್ತು ಲೆಲ್ಯಾಂಡ್ ಜಾನ್ಸನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1962ರಲ್ಲಿ ತೋರಿಸಿದಂತೆ, ಹೂಡಿದ ಬಂಡವಾಳದ ಮೇಲೆ ಲಾಭವನ್ನು ನಿಗದಿ ಮಾಡಿದರೆ ಕಂಪನಿ ಅಗತ್ಯಕ್ಕಿಂತ ಹೆಚ್ಚು ಬಂಡವಾಳ ಹೂಡಲು ತೊಡಗುತ್ತದೆ. ಹೊಸ ಟ್ರಾನ್ಸ್‌ಫಾರ್ಮರ್‌ಗೆ ಲಾಭ ಸಿಗುತ್ತದೆ, ನಿಂತ ಏಸಿಗೆ ಸಿಗುವುದಿಲ್ಲ. ಇದಕ್ಕೆ ವಿರುದ್ಧ ತುದಿಯಲ್ಲಿ ಫ್ರಾನ್ಸಿನ ಮಾರ್ಸೆಲ್ ಬೊಯಿಟೊ 1949ರಲ್ಲೇ ಬೇರೆ ದಾರಿ ಹೇಳಿದ್ದರು: ತುತ್ತತುದಿಯ ಬೇಡಿಕೆಗೆ ಕಾರಣರಾದವರೇ ಆ ಸಾಮರ್ಥ್ಯದ ವೆಚ್ಚವನ್ನು ಭರಿಸಲಿ. ಮುಂದೆ ಅವರು ಫ್ರಾನ್ಸಿನ ರಾಷ್ಟ್ರೀಕೃತ ವಿದ್ಯುತ್ ಸಂಸ್ಥೆಯ ಮುಖ್ಯಸ್ಥರಾದರು. ಹೊತ್ತಿಗೆ ತಕ್ಕ ದರ ಎಂಬ ಇಂದಿನ ಎಲ್ಲ ಯೋಜನೆಗಳ ಬೇರು ಅಲ್ಲಿದೆ. ತರ್ಕ ಗಟ್ಟಿಯಾದದ್ದು. ಆದರೆ ಅದಕ್ಕೊಂದು ಮೌನ ಷರತ್ತಿದೆ. ದರ ನೋಡುವವನು, ಸ್ವಿಚ್ಚು ಒತ್ತುವವನು, ಸೆಕೆ ಅನುಭವಿಸುವವನು ಈ ಮೂವರೂ ಒಬ್ಬನೇ ಆಗಿರಬೇಕು.

ದುಕ್ಮ್‌ನ ಕಾರ್ಮಿಕ ವಸತಿಯಲ್ಲಿ ಈ ಮೂವರೂ ಬೇರೆಬೇರೆ. ದರಪಟ್ಟಿ ಕಂಪನಿಯ ಕಚೇರಿಗೆ ಬರುತ್ತದೆ. ಸ್ವಿಚ್ಚು ವಸತಿ ನಿರ್ವಾಹಕನ ಕೈಯಲ್ಲಿರಬಹುದು. ಸೆಕೆ ಮಾತ್ರ ಮಂಚದ ಮೇಲೆ ಮಲಗಿದವನದು. ಬಿಲ್ಲಿನಲ್ಲಿ ಉಳಿದ ಹಣ ಅವನ ಸಂಬಳಕ್ಕೆ ಸೇರುವುದಿಲ್ಲ. ದೊಡ್ಡ ವಸತಿ ಸಂಕೀರ್ಣವೊಂದು ಆ ದರಪಟ್ಟಿಯ ಬಳಕೆ ಮಿತಿಯನ್ನು ದಾಟುವುದು ಕಷ್ಟವಲ್ಲ, ಇನ್ನೂರು ಮುನ್ನೂರು ಏಸಿ ಸಾಕು. ದಾಟಿದರೆ ಅದಕ್ಕೆ ಹೊತ್ತಿನ ದರ ತಾಗುತ್ತದೆ. ಆಗ ಮಧ್ಯಾಹ್ನದ ಏಸಿಯನ್ನು ಕಡಿಮೆ ಮಾಡುವುದರಲ್ಲಿ ಲೆಕ್ಕಪತ್ರದ ದೃಷ್ಟಿಯಿಂದ ಯಾವ ತಪ್ಪೂ ಇಲ್ಲ. ಯಾರೂ ದುಷ್ಟರಾಗಬೇಕಿಲ್ಲ, ದರಪಟ್ಟಿಯೇ ಅತ್ತ ತಳ್ಳುತ್ತದೆ.

ಸರಾಸರಿಯ ಲೆಕ್ಕ ಮರೆಮಾಡುವ ಇನ್ನೊಂದು ಸಂಗತಿ ಗೋಡೆ. ದಪ್ಪ ಗೋಡೆಯ, ಗವಸು ಹೊದಿಸಿದ ಛಾವಣಿಯ ವಿಲ್ಲಾದಲ್ಲಿ ಕಂಪ್ರೆಸರ್ ಕಾಲು ಗಂಟೆ ನಿಂತರೆ ಒಳಗಿದ್ದವರಿಗೆ ತಿಳಿಯುವುದೂ ಇಲ್ಲ. ತಗಡಿನ ಪೋರ್ಟಾ ಕ್ಯಾಬಿನ್‌ನಲ್ಲಿ ಆರು ಜನ ಮಲಗಿರುವಾಗ ಅದೇ ಕಾಲು ಗಂಟೆ ಬೇರೆಯದೇ ಅನುಭವ. ಸ್ಥಾವರದ ಲೆಕ್ಕದಲ್ಲಿ ಎರಡೂ 0.45 ಕಿಲೋವ್ಯಾಟ್. ಅದರ ಮೇಲೆ ನಿಯಂತ್ರಣ ಮುಗಿದ ಕ್ಷಣ ಬಿಸಿಯಾದ ಕೋಣೆಗಳ ಕಂಪ್ರೆಸರ್‌ಗಳೆಲ್ಲ ಒಟ್ಟಿಗೆ ಎದ್ದು ಓಡುತ್ತವೆ. ಸರದಿಯಂತೆ ಬಿಡದಿದ್ದರೆ ಹೊಸದೊಂದು ತುದಿ ಹುಟ್ಟಿಕೊಳ್ಳುತ್ತದೆ. ಗೋಡೆ ಕೆಟ್ಟದಾದಷ್ಟೂ ಈ ಮರುಜಿಗಿತ ಜೋರು. ಹೀಗಾಗಿ ಒಳ್ಳೆಯ ವಸತಿ ಎಂಬುದು ದಯೆಯ ವಿಷಯ ಮಾತ್ರವಲ್ಲ, ವಿದ್ಯುತ್ ಜಾಲಕ್ಕೂ ಉಪಕಾರ.

ದುಕ್ಮ್‌ನ ಹವೆಯ ಒಂದು ವಿಶೇಷ ಇಲ್ಲಿ ಗಮನಕ್ಕೆ ಬರಬೇಕು. ಮುಂಗಾರಿನ ತಿಂಗಳುಗಳಲ್ಲಿ ಅರಬ್ಬೀ ಸಮುದ್ರದಿಂದ ಬಲವಾದ ಗಾಳಿ ಬೀಸುತ್ತದೆ, ಕಡಲ ಆಳದ ತಣ್ಣೀರು ಮೇಲೇಳುತ್ತದೆ. ಹಾಗಾಗಿ ಜುಲೈ ತಿಂಗಳಲ್ಲಿ ಮಸ್ಕತ್ ಬೇಯುವಷ್ಟು ದುಕ್ಮ್ ಬೇಯುವುದಿಲ್ಲ. ಬಹುಕಾಲ ಇಲ್ಲಿನ ವಿದ್ಯುತ್ ವ್ಯವಸ್ಥೆ ಒಂಟಿ ದ್ವೀಪದಂತಿತ್ತು. ಗ್ರಾಮೀಣ ಪ್ರದೇಶಗಳ ವಿದ್ಯುತ್ ಕಂಪನಿ, ಮುಂದೆ ತನ್ವೀರ್ ಎಂದು ಹೆಸರು ಪಡೆದದ್ದು, ಡೀಸೆಲ್ ಯಂತ್ರಗಳಿಂದ ಊರಿಗೆ ವಿದ್ಯುತ್ ಕೊಡುತ್ತಿತ್ತು. ಅಂಥ ಸಣ್ಣ ಜಾಲದಲ್ಲಿ ಊರಿನ ಬೇಡಿಕೆಯ ತುದಿ ಊರಿನ ಹವೆಯನ್ನೇ ಅನುಸರಿಸುತ್ತದೆ. 2023ರಲ್ಲಿ ರಬ್ತ್ ಯೋಜನೆಯ ಮೊದಲ ಹಂತ ಮುಗಿದು 400 ಕಿಲೋವೋಲ್ಟ್ ತಂತಿಯ ಮೂಲಕ ದುಕ್ಮ್ ಉತ್ತರದ ಮಹಾಜಾಲಕ್ಕೆ ಸೇರಿತು. ರಬ್ತ್ ಎಂದರೆ ಅರಬ್ಬಿಯಲ್ಲಿ ಜೋಡಣೆ. ಜೋಡಣೆಯಿಂದ ಡೀಸೆಲ್ ಉಳಿಯಿತು. ಜೊತೆಗೆ ಲೆಕ್ಕವೂ ಬದಲಾಯಿತು. ಈಗ ಬೆಲೆ ಬರುವುದು ದೇಶದ ಒಟ್ಟು ಬೇಡಿಕೆ ತುದಿ ಮುಟ್ಟಿದ ಗಂಟೆಗೆ. ಆ ಗಂಟೆಯನ್ನು ನಿರ್ಧರಿಸುವುದು ಜನ ದಟ್ಟವಾಗಿರುವ ಮಸ್ಕತ್ ಮತ್ತು ಬಾತಿನಾ ತೀರದ ಸೆಕೆ. ಅಲ್ಲಿನ ವಿಲ್ಲಾಗಳ ಏಸಿಗಳಿಗಾಗಿ ಇಲ್ಲಿನ ಕ್ಯಾಂಪಿನ ಏಸಿ ನಿಲ್ಲಬೇಕೆಂಬ ಮಾತು ತಾಂತ್ರಿಕವಾಗಿ ಅರ್ಥಪೂರ್ಣವಾದದ್ದು ಈ ಜೋಡಣೆಯ ನಂತರ.

ಈ ಕ್ರಮ ಕನ್ನಡಿಗರಿಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬುದು ಅಂದಿನಿಂದಲೂ ರಾಜಕೀಯ ಪ್ರಶ್ನೆ. ಅದರ ಅತಿ ದೊಡ್ಡ ಉದಾಹರಣೆ ರೈತನ ಪಂಪ್‌ಸೆಟ್. ರಾಜ್ಯದ ವಿದ್ಯುತ್ ಬಳಕೆಯ ಸುಮಾರು ಮೂರನೇ ಒಂದು ಪಾಲು ಅದರದು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ 2008ರಿಂದ ಉಚಿತ. ಆದರೆ ಯಾವ ಹೊತ್ತಿಗೆ ತ್ರೀ ಫೇಸ್ ಬರಬೇಕೆಂಬುದು ರೈತನ ಕೈಯಲ್ಲಿ ಇರಲಿಲ್ಲ. ಹಗಲು ಪೇಟೆಗೂ ಕಾರ್ಖಾನೆಗೂ, ರಾತ್ರಿ ಹೊಲಕ್ಕೆ. ಹಾವು, ಚಿರತೆ, ಆನೆಗಳ ಭಯದಲ್ಲಿ ಟಾರ್ಚು ಹಿಡಿದು ನಡುರಾತ್ರಿ ಮೋಟರ್ ಹಾಕಲು ಹೋದ ತಲೆಮಾರುಗಳಿವೆ. ಎಂಜಿನಿಯರುಗಳ ಭಾಷೆಯಲ್ಲಿ ಅದು ಅತ್ಯಂತ ಯಶಸ್ವಿ ಹೊರೆ ನಿಯಂತ್ರಣ. ಫೀಡರ್ ಬಂದ್ ಮಾಡಿದರೆ ಸಾಕು, ಮನೆಮನೆಗೆ ಸ್ವಿಚ್ಚು ಬೇಡ. ರೈತ ಕಳೆದುಕೊಂಡ ನಿದ್ದೆಗೆ ಯಾವ ಪುಸ್ತಕದಲ್ಲೂ ಖರ್ಚು ಬರೆದಿಲ್ಲ.

ಅಲ್ಲಿ ಬದಲಾವಣೆ ಬಂದದ್ದು ಹೇಗೆ? ಒಂದು, ಪಾವಗಡದಂಥ ಸೌರ ಪಾರ್ಕ್‌ಗಳು. 2,050 ಮೆಗಾವ್ಯಾಟ್ ಸಾಮರ್ಥ್ಯದ ಆ ಪಾರ್ಕ್ ಹಗಲಿನ ವಿದ್ಯುತ್ತನ್ನು ಹೇರಳವಾಗಿಸಿತು, ಪಂಪ್‌ಸೆಟ್‌ಗಳನ್ನು ಹಗಲಿಗೆ ತರುವುದೇ ಜಾಲಕ್ಕೂ ಅನುಕೂಲವಾಯಿತು. ಇನ್ನೊಂದು, ರೈತರ ದನಿ. 2023ರ ಬರದಲ್ಲಿ ಪಂಪ್‌ಸೆಟ್ ವಿದ್ಯುತ್ತಿನ ಅವಧಿ ಐದು ಗಂಟೆಗೆ ಇಳಿದಾಗ ರೈತರು ಬೀದಿಗಿಳಿದರು, ಸರಕಾರ ಏಳು ಗಂಟೆಗೆ ಮರಳಬೇಕಾಯಿತು. ಮತ ಮತ್ತು ಸಂಘಟನೆ ಎರಡೂ ಅವರಿಗಿದ್ದವು. ದುಕ್ಮ್‌ನ ವಲಸೆ ಕಾರ್ಮಿಕನಿಗೆ ಮತವಿಲ್ಲ. 2021ರಿಂದ ಹಳೆಯ ಮಾಲೀಕನ ಆಕ್ಷೇಪಣೆ ಇಲ್ಲ ಎಂಬ ಪತ್ರದ ಹಂಗಿಲ್ಲದೆ ಒಪ್ಪಂದ ಮುಗಿದ ಮೇಲೆ ಕೆಲಸ ಬದಲಿಸಬಹುದೆಂಬುದು ಒಂದು ಮುನ್ನಡೆ. ಆದರೆ ಕೋಣೆಯ ಉಷ್ಣಾಂಶದ ಬಗ್ಗೆ ಮಾತಾಡುವ ವೇದಿಕೆ ಅದರಿಂದ ಸಿಗುವುದಿಲ್ಲ.

ನಗರದ ಕಡೆಯಿಂದಲೂ ಕರ್ನಾಟಕದಲ್ಲಿ ಒಂದು ಪಾಠವಿದೆ. ಬೆಂಗಳೂರಿನ ಬೆಳಗಿನ ಬೇಡಿಕೆ ಏರುವುದು ಸ್ನಾನದ ನೀರಿಗೆ. ಅದಕ್ಕೆ ಅಲ್ಲಿ ಗೀಸರ್‌ಗಳನ್ನು ದೂರದಿಂದ ನಿಲ್ಲಿಸಲಿಲ್ಲ. ದೊಡ್ಡ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯವಾಯಿತು, ಬಿಲ್ಲಿನಲ್ಲಿ ಸಣ್ಣ ರಿಯಾಯಿತಿಯೂ ಸಿಕ್ಕಿತು. ಜನ ಬಿಸಿನೀರು ಬಿಡಲಿಲ್ಲ, ಬೇಡಿಕೆ ಮಾತ್ರ ಜಾಲದಿಂದ ಛಾವಣಿಗೆ ಹೋಯಿತು. ಭಾರತದಲ್ಲಿ 2023ರಲ್ಲಿ ತಿದ್ದಿದ ಗ್ರಾಹಕ ಹಕ್ಕುಗಳ ನಿಯಮ, ಕೃಷಿಯನ್ನು ಬಿಟ್ಟು ಸ್ಮಾರ್ಟ್ ಮೀಟರ್ ಇರುವ ಗ್ರಾಹಕರಿಗೆಲ್ಲ ಹೊತ್ತಿನ ದರ ತರಬೇಕೆನ್ನುತ್ತದೆ. ಬಿಸಿಲಿನ ಹೊತ್ತು ಅಗ್ಗ, ಸಂಜೆ ದುಬಾರಿ. ಗೃಹಜ್ಯೋತಿಯ 200 ಯೂನಿಟ್‌ವರೆಗಿನ ಶೂನ್ಯ ಬಿಲ್ಲಿನ ಮನೆಗೆ ಈ ದರ ಏನನ್ನೂ ಹೇಳುವುದಿಲ್ಲ. ಆ ಮನೆಯ ಉಚಿತವನ್ನು ಕಿತ್ತುಕೊಳ್ಳುವುದು ಉತ್ತರವಲ್ಲ. ಸಂಜೆಯ ಬಳಕೆಯನ್ನು ಹಗಲಿಗೆ ಸರಿಸಿದವರ ಕೈಗೆ ಪ್ರತ್ಯೇಕವಾಗಿ ಹಣ ಕೊಡುವುದು ಉತ್ತರವಾದೀತು.

ಈ ಅನುಭವಗಳಿಂದ ದುಕ್ಮ್‌ಗೆ ಒಂದು ಸರದಿ ಸಿದ್ಧವಾಗುತ್ತದೆ. ಮೊದಲು ನಿಲ್ಲಬೇಕಾದದ್ದು ಯಾರ ಮೈಗೂ ತಾಗದ ಹೊರೆ. ಸಮುದ್ರದ ನೀರನ್ನು ಸಿಹಿಯಾಗಿಸುವ ಯಂತ್ರ ಮೂರು ತಾಸು ನಿಧಾನವಾದರೆ ತೊಟ್ಟಿಯಲ್ಲಿ ನೀರಿರುತ್ತದೆ. ಮೀನು ಬಂದರಿನ ಶೈತ್ಯಾಗಾರವನ್ನು ಬೆಳಗ್ಗೆಯೇ ಹೆಚ್ಚು ತಣ್ಣಗಾಗಿಸಿಟ್ಟರೆ ಮಧ್ಯಾಹ್ನ ಅದು ತಾಳಿಕೊಳ್ಳುತ್ತದೆ. ವಸತಿಯ ಬಟ್ಟೆ ಒಗೆಯುವ ಯಂತ್ರಗಳೂ ಪಂಪ್‌ಗಳೂ ಸಂಜೆಯವರೆಗೆ ಕಾಯಬಲ್ಲವು. ಗೀಸರ್ ಅಂತೂ ಬೇಸಿಗೆಯಲ್ಲಿ ಬೇಕಿಲ್ಲ. ಛಾವಣಿಯ ಟ್ಯಾಂಕಿನ ನೀರು ಎಷ್ಟು ಸುಡುತ್ತದೆ ಎಂದರೆ ಕೊಲ್ಲಿಯ ಮನೆಗಳಲ್ಲಿ ಆರಿಸಿಟ್ಟ ಗೀಸರ್‌ನೊಳಗಿನ ನೀರನ್ನೇ ತಣ್ಣೀರಾಗಿ ಬಳಸುತ್ತಾರೆ. ಎರಡನೆಯದು ಗೋಡೆ, ಛಾವಣಿ, ಹಳೆಯ ಏಸಿಗಳ ಬದಲಾವಣೆ. ಇದಕ್ಕೆ ಒಮ್ಮೆ ಖರ್ಚು, ಪ್ರತಿ ಬೇಸಿಗೆಗೂ ಉಳಿತಾಯ. ಮೂರನೆಯದಾಗಿ, ವಿಶ್ರಾಂತಿ ಇಲ್ಲವೇ ನಿದ್ರೆಯ ಹೊತ್ತಲ್ಲದಾಗ ಮಲಗುವ ಕೋಣೆಯ ಏಸಿ. ಅದಕ್ಕೂ ಒಳಗಿನ ಉಷ್ಣಾಂಶದ ಮಿತಿ ಬೇಕು, ಒಳಗಿದ್ದವನು ಬೇಡವೆಂದು ಒತ್ತಬಹುದಾದ ಗುಂಡಿ ಬೇಕು, ಉಳಿತಾಯದ ಪಾಲು ಅವನ ಸಂಬಳದ ಚೀಟಿಯಲ್ಲಿ ಕಾಣಬೇಕು.

ಇದು ದಾನದ ಮಾತಲ್ಲ. ಫ್ಲೋರಿಡಾದ ವಿಲ್ಲಾವಾಸಿಗೆ ಬಿಲ್ಲಿನಲ್ಲಿ ಕಡಿತ ಸಿಗುವುದು ಅವನು ಜಾಲಕ್ಕೊಂದು ಸೇವೆ ಮಾರಿದ್ದಕ್ಕೆ. ತಗಡಿನ ಕೋಣೆಯವನು ಅದೇ ಸೇವೆಯನ್ನು ಹೆಚ್ಚಿನ ಕಷ್ಟದಲ್ಲಿ ಕೊಡುತ್ತಾನೆ. ಒಪ್ಪಂದದಲ್ಲಿ ಅವನ ಸಹಿ ಇಲ್ಲದಿದ್ದರೆ ಅದು ಸೇವೆಯಲ್ಲ, ವಸೂಲಿ.

ಉಡುಪಿ, ಮಂಗಳೂರು, ಭಟ್ಕಳ, ಕಾಸರಗೋಡಿನಿಂದ ಕೊಲ್ಲಿಗೆ ಹೋದವರಲ್ಲಿ ಎಂಜಿನಿಯರುಗಳಿದ್ದಾರೆ, ಲೆಕ್ಕಿಗರಿದ್ದಾರೆ, ವಸತಿ ನಿರ್ವಾಹಕರಿದ್ದಾರೆ, ಬೆಸುಗೆಗಾರರೂ ಇದ್ದಾರೆ. ದರಪಟ್ಟಿ ಓದುವ ಕಣ್ಣು ಮತ್ತು ಮಂಚದ ಮೇಲಿನ ಮೈ ಒಂದೇ ಭಾಷೆ ಮಾತಾಡುವುದು ಅಪರೂಪವಲ್ಲ. ಮುಂದಿನ ಬೇಸಿಗೆಗೆ ಯಾವುದೋ ಕಚೇರಿಯ ಮೇಜಿನ ಮೇಲೆ ಬಳಕೆ ತಗ್ಗಿಸುವ ಯೋಜನೆಯೊಂದು ಬಂದಾಗ, ಎಷ್ಟು ಮೆಗಾವ್ಯಾಟ್ ಉಳಿಯಿತು ಎಂಬ ಕಾಲಂನ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆಯುವುದು ಕಷ್ಟದ ಕೆಲಸವಲ್ಲ: 12.30ರಿಂದ 3.30ರವರೆಗೆ ಕೋಣೆಯೊಳಗೆ ಎಷ್ಟು ಡಿಗ್ರಿ ಇತ್ತು?